ಬಾಗಿಲು ತೆರೆದೇ ಇದೆ, ನೀವೇ ಹೊರಗಿದ್ದೀರಿ!

"ಕೈ ಎಳೀಬೇಡಿ! ಹಾಗೇ ಇರ್ಲಿ!"

ಹಿಂದಿನಿಂದ ಬಂದ ಗಂಡು ದನಿಗೆ ಅವಳು ಬೆಚ್ಚಿದಳು. ಉದ್ಯಾನದ ಹಳೇ ಗೋಡೆಯ ಪೊಟರೆಯೊಳಗೆ ಅವಳ ಬಲಗೈ ಮೊಣಕೈಯವರೆಗೂ ಇಳಿದಿತ್ತು.

"ಯಾಕೆ... ಹಾವಿದ್ಯಾ?"

"ಹಾವಲ್ಲ, ಮೊಳೆ. ಎಳೆದ್ರೆ ಗೀರುತ್ತೆ. ಡಬ್ಬಿ ಇಡೋವಾಗ ನನಗೂ ಗೀರಿತ್ತು."

ಅವನು ಪಕ್ಕದಲ್ಲೇ ಮೊಣಕಾಲೂರಿ, ಅವಳ ಮಣಿಕಟ್ಟನ್ನು ಎರಡೇ ಬೆರಳಲ್ಲಿ ಹಿಡಿದು ಮೆಲ್ಲಗೆ ಬಿಡಿಸಿದ. ಬೆರಳುಗಳಲ್ಲಿ ಮೆಷಿನ್ ಎಣ್ಣೆಯ ವಾಸನೆ. ಕಣ್ಣುಗಳು ಮಾತ್ರ ತಿಳಿಯಾಗಿದ್ದವು.

'ಇಷ್ಟು ಹೊತ್ತು ಹಿಡ್ಕೋಬೇಕಾ?' ಅಂದುಕೊಂಡಳು. ಬಿಟ್ಟಾಗ ಯಾಕೋ ಬೇಸರವಾಯಿತು!

ಇದೆಲ್ಲ ಗೆಳತಿ ಹಿಡಿಸಿದ ಜಿಯೋಕ್ಯಾಶಿಂಗ್ ಆಟದ ಹುಚ್ಚು. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ, ಇನ್ಯಾರೋ ಫೋನಿನಲ್ಲಿ ದಾರಿ ತೋರುವ ಬಾಣ ಹಿಡಿದು ಹುಡುಕುತ್ತಾರೆ. ಒಳಗಿನದನ್ನು ತೆಗೆದುಕೊಂಡರೆ ಬದಲಿಗೆ ಏನಾದರೂ ಇಡಬೇಕು. ಆಸ್ಪತ್ರೆಯಲ್ಲಿ ದಿನವಿಡೀ ಕಿವಿ ಪರೀಕ್ಷೆ ಮಾಡುತ್ತ "ಕೇಳಿಸ್ತಾ? ಈಗ ಕೇಳಿಸ್ತಾ?" ಎಂದು ಕೇಳಿ ಸುಸ್ತಾದವಳನ್ನು ಆ ಬಾಣ ಅವಳದೇ ಮನೆಯ ಹಿಂದಿನ ಉದ್ಯಾನಕ್ಕೆ ತಂದು ನಿಲ್ಲಿಸಿತ್ತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ!

ಅವಳನ್ನು ಸೆಳೆದದ್ದು ಈ ಡಬ್ಬಿಗೆ ಕೊಟ್ಟಿದ್ದ ಸುಳಿವಿನ ಮಾತು. 'ಬಾಗಿಲು ತೆರೆದೇ ಇದೆ, ನೀವೇ ಹೊರಗಿದ್ದೀರಿ!'

ರೇಡಿಯೊ ಮುಂದೆ ಮನೆಮಂದಿಯೆಲ್ಲ ಕೂರುತ್ತಿದ್ದ ಕಾಲದ ನಗೆನಾಟಕದ ಮಾತದು. ಪ್ರತಿ ಸಲವೂ ಅತಿಥಿ ಬಾಗಿಲು ಬಡಿದೂ ಬಡಿದೂ ಸೋಲುತ್ತಿದ್ದ. ಕೊನೆಗೆ ಬಾಗಿಲು ಕಿರುಗುಟ್ಟುತ್ತಿತ್ತು, ಮನೆಯ ಯಜಮಾನ ಈ ಮಾತು ಹೇಳುತ್ತಿದ್ದ, ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ತಂಡದಲ್ಲಿ ಪುಟ್ಟದೊಂದು ಮರದ ಬಾಗಿಲಿಂದ ಆ ಸದ್ದು ಮಾಡುತ್ತಿದ್ದವರು ಅವಳ ಅಪ್ಪ.

ಪೊಟರೆಯಿಂದ ಡಬ್ಬಿ ಹೊರತೆಗೆದು ತೆರೆದಳು. ಒಳಗೆ ಸ್ಲೇಟಿನಷ್ಟಗಲದ ಮರದ ಬಾಗಿಲು, ಚೌಕಟ್ಟಿನ ಸಮೇತ. ತಳ್ಳಿದಳು.

ಕಿರ್ರ್ರ್ರ್... ಟಕ್!

ಮುಖದ ನಗು ಹಾರಿಹೋಯಿತು. ಕೊನೆಯ ಆ 'ಟಕ್' ಲೋಕದ ಬೇರಾವ ಬಾಗಿಲಿಗೂ ಇಲ್ಲ. ಇದು ಅಪ್ಪನ ನಾಟಕದ ಪೆಟ್ಟಿಗೆಯಿಂದ ಈಚೆಗೆ ಕಾಣೆಯಾಗಿದ್ದ ಬಾಗಿಲು!

"ಇದು ನಿಮಗೆಲ್ಲಿ ಸಿಕ್ತು?"

ಅವನು ಒಮ್ಮೆ ತಲೆಯೆತ್ತಿ ಅವಳ ಮನೆಯ ಕಿಟಕಿ ನೋಡಿದ. "ಹೇಳೋಕಾಗಲ್ಲ... ಕ್ಷಮಿಸಿ."

"ಮಾತೂ ಬರದ ಮುದುಕರ ಮನೆಯಿಂದ ಕದಿಯೋಕೆ ನಾಚಿಕೆ ಆಗ್ಲಿಲ್ವಾ?"

ಅವನ ಮುಖ ಕಪ್ಪಿಟ್ಟಿತು. "ಒಂದು ನಿಮಿಷ..."

"ಏನು? ಬದಲಿಗೆ ಏನಾದ್ರೂ ಇಡ್ಬೇಕಾ? ಪೊಲೀಸ್ರನ್ನ ತಂದಿಡ್ತೀನಿ!"

ಬಾಗಿಲನ್ನು ಎದೆಗವಚಿಕೊಂಡು ಹೊರಟೇಬಿಟ್ಟಳು. ಕಳ್ಳನ ಕಣ್ಣು ಅಷ್ಟು ಚೆನ್ನಾಗಿರಬಾರದಿತ್ತು... ಛೆ!

ಪಾರ್ಶ್ವವಾಯು ಅಪ್ಪನ ಮಾತನ್ನು ಕಸಿದು, ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ವರ್ಷಗಳೇ ಆಗಿದ್ದವು. ಬಾಗಿಲನ್ನು ಅವರ ಮಡಿಲಲ್ಲಿಟ್ಟಾಗ ಹಿಗ್ಗುತ್ತಾರೆ ಅಂದುಕೊಂಡಿದ್ದಳು. ಅವರು ಮುಖವನ್ನು ಗೋಡೆಗೆ ತಿರುಗಿಸಿಕೊಂಡರು.

ಅಂದಿನಿಂದ ಅವರು ಕಿಟಕಿಯ ಬಳಿ ಕೂರುವುದನ್ನೇ ಬಿಟ್ಟರು. ದಿನಾ ಕೆಲಸದಿಂದ ಬಂದಾಗ ಕಾಣುತ್ತಿದ್ದ ಆ ತುಟಿಯಂಚಿನ ನಗುವೂ ಇಲ್ಲ. ಊಟ ತಟ್ಟೆಯಲ್ಲೇ ಉಳಿಯುತ್ತಿತ್ತು. ಅವಳಿಗೆ ಭಯವಾಯಿತು. 'ಅಪ್ಪನ ನಗೂನ ನಾನೇ ತೆಗೆದುಬಿಟ್ನಾ? ಏನು ತಪ್ಪು ಮಾಡ್ದೆ?'

ಒಂದು ದಿನ ರಜೆ ಹಾಕಿ ಮನೆಯಲ್ಲೇ ಕೂತಳು. ಸಂಜೆ ಕೆಳಗಿನಿಂದ ಯಾರೋ ವಯಸ್ಸಾದ ದಂಪತಿಯ ದನಿ ಕೇಳಿಸಿತು.

"ಡಬ್ಬಿ ಖಾಲಿ ಕಣ್ರೀ! ಆ ಬಾಗಿಲಿನ ಸದ್ದು ಕೇಳೋಕೆ ಇಷ್ಟು ದೂರ ಬಂದು..."

"ಅಳ್ಬೇಡ್ವೇ, ನಾನೇ ಬಾಗಿಲಾಗ್ತೀನಿ. ಕಿರ್ರ್ರ್..."

"ಥೂ, ಮೇಕೆ ಅರಚಿದ ಹಾಗಿದೆ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಇತ್ತ ಅಪ್ಪನ ಗಾಲಿಕುರ್ಚಿ ಮೆಲ್ಲಗೆ, ತಾನೇ ತಾನಾಗಿ ಎಂಬಂತೆ, ಕಿಟಕಿಯತ್ತ ಉರುಳಿತು. ಅವರ ತುಟಿ ಅರಳಿತು.

"ಅಪ್ಪಾ... ದಿನಾ ಬಂದೋರ ಈ ನಗೂನೇ ಕೇಳಿಸ್ಕೋತಿದ್ರಾ?"

ಅಪ್ಪ ಹೌದೆಂದು ತಲೆಯಾಡಿಸಿದರು. ಆಮೇಲೆ ಒಂದೇ ಕೈಯಲ್ಲಿ ಇಡೀ ನಾಟಕ ಆಡಿ ತೋರಿಸಿದರು. ಯಾರೋ ಬಂದು ಕೆಟ್ಟ ಬೀಗ ತಿರುಗಿಸಿ ಸರಿಮಾಡಿದರು. ಕಿರುಗುಟ್ಟುವ ಮುಂಬಾಗಿಲಿಗೆ ಎಣ್ಣೆ ಬಿಡಲು ಹೋದರು. ಅಪ್ಪ ಅವರ ಕೈ ಹಿಡಿದು, ಬೇಡ ಎಂದು ತಲೆಯಲ್ಲಾಡಿಸಿ, ಪೆಟ್ಟಿಗೆಯಿಂದ ಆ ಪುಟ್ಟ ಬಾಗಿಲು ತೆಗೆದುಕೊಟ್ಟು, ಕಿಟಕಿಯ ಕೆಳಗಿನ ಗೋಡೆಯತ್ತ ಬೆರಳು ತೋರಿಸಿದರು. ಅವಳಿಗೆ ಎಣ್ಣೆ ವಾಸನೆಯ ಆ ಬೆರಳುಗಳು ನೆನಪಾದವು.

"ಬೀಗ ರಿಪೇರಿಯವ್ರಾ...? ನೀವೇ ಕೊಟ್ರಾ?"

ಅಪ್ಪ ತುಟಿಯ ಮೇಲೆ ಬೆರಳಿಟ್ಟರು. ಅವಳತ್ತ ತೋರಿಸಿ, ಅದೇ ಬೆರಳಿಂದ ತಮ್ಮ ತುಟಿಯಂಚನ್ನು ಮೇಲಕ್ಕೆತ್ತಿದರು.

'ನನಗೆ ಹೇಳ್ಬಾರ್ದು... ನಾನಾಗೇ ಹುಡುಕಿ ನಗ್ಬೇಕು ಅಂತಾನಾ?' ಊರವರ ಕಿವಿ ಪರೀಕ್ಷಿಸುವವಳಿಗೆ ಮನೆಯೊಳಗಿನದೇ ಕೇಳಿಸಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ! ಅಪ್ಪನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಪ್ಪ ಬಾಗಿಲನ್ನು ಅವಳ ಕೈಗಿತ್ತು, ಹೋಗು ಹೋಗು ಎಂದು ಕೈಬೀಸಿದರು.

ಬೀಗದಂಗಡಿ ಬೀದಿಯ ಕೊನೆಯಲ್ಲಿತ್ತು. ಒಳಗೆ ಗೋಡೆ ತುಂಬ ಬೀಗದ ಕೈಗಳು. ಅವನು ತಲೆ ತಗ್ಗಿಸಿ ಅರದಿಂದ ಒಂದು ಬೀಗದ ಕೈ ಉಜ್ಜುತ್ತಿದ್ದ. ಹೊಸ್ತಿಲಾಚೆ ನಿಂತವಳಿಗೆ ಒಳಗೆ ಕಾಲಿಡಲು ಮುಖವಿಲ್ಲ. ತೆರೆದ ಕದವನ್ನೇ ಮೆಲ್ಲಗೆ ಬಡಿದಳು.

ಅವನು ತಲೆಯೆತ್ತಿದ. ಅರ ಕೆಳಗಿಟ್ಟ.

"ಬಾಗಿಲು ತೆರೆದೇ ಇದೆ..." ಎಂದ ಮೆಲ್ಲಗೆ. "ನೀವೇ ಹೊರಗಿದ್ದೀರಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಅಷ್ಟೆಲ್ಲ ಬೈದೆ... ಒಂದು ಮಾತು ಹೇಳ್ಬಾರ್ದಿತ್ತಾ?"

"ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೆ. ಮಾತೇ ಬರದವ್ರಿಗೆ ಕೊಟ್ಟ ಮಾತು ಹೇಗೆ ತಪ್ಲಿ?"

"ಅವತ್ತು ಅಲ್ಲೇ ಇದ್ರಲ್ಲ... ಡಬ್ಬಿ ಕಾಯ್ತಿದ್ರಾ?"

"ಡಬ್ಬಿ ನೋಡೋಕೆ ಅಂತ ದಿನಾ ಬರ್ತಿದ್ದೆ. ಡಬ್ಬಿಗೇನೂ ಆಗಿರ್ತಿರ್ಲಿಲ್ಲ." ಅವನು ಕಣ್ಣು ತಪ್ಪಿಸಿದ. "ಅದು... ನೀವು ಕೆಲಸದಿಂದ ಬರೋ ಹೊತ್ತು."

ಅವಳ ಕಿವಿ ಬಿಸಿಯಾಯಿತು. ಈ ಸಲ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತ್ತು!

ಹೊನ್ನಿನ ಬಿಸಿಲು ಗೋಡೆಯಿಂದ ಜಾರುವ ಹೊತ್ತಿಗೆ ಇಬ್ಬರೂ ಪೊಟರೆಯ ಮುಂದೆ ಕೂತಿದ್ದರು. ಡಬ್ಬಿಯೊಳಗಿಡುವ ಮುಂಚೆ ಅವಳು ಬಾಗಿಲನ್ನೊಮ್ಮೆ ತಳ್ಳಿದಳು. ಕಿರ್ರ್ರ್... ಟಕ್! ಮೇಲಿನ ಕಿಟಕಿಯಿಂದ ಒಂದು ಒರಟು ನಗು, ಮಾತಿಲ್ಲದ, ಬಾಯ್ತುಂಬ ನಗು ಉಕ್ಕಿ ಬಂತು.

"ನಾನು ನಿಯಮ ಮುರಿದೆ," ಎಂದಳು. "ತಗೊಂಡು ಹೋದೆ, ಬದಲಿಗೆ ಏನೂ ಇಡ್ಲಿಲ್ಲ."

"ಈಗ ಏನಿಡ್ತೀರಿ?"

ಅವಳು ತನ್ನ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

ಅವನು ಕೈ ಹಿಂದಕ್ಕೆಳೆಯಹೋದ. "ಕೈಯೆಲ್ಲ ಎಣ್ಣೆ ರೀ... ಅಂಟ್ಕೊಳ್ಳುತ್ತೆ."

"ಅಂಟ್ಕೊಳ್ಳಲಿ ಬಿಡಿ."