ಮಣಿಗಿರಿಯ ಭಂಗಿ ಹೂವು

ಏಳು ಬೆಟ್ಟಗಳ ಆಚೆ, ನಮ್ಮ ಮುತ್ತಾತನ ಮುತ್ತಾತನೂ ಹುಟ್ಟದ ಕಾಲದಲ್ಲಿ, ಮಣಿಗಿರಿ ಎಂಬ ರಾಜ್ಯವಿತ್ತು. ಬಮ್ಮರಸ ಅದರ ದೊರೆ, ಜಕ್ಕಲೆ ಅವನ ಒಬ್ಬಳೇ ಮಗಳು. ಆ ರಾಜ್ಯದ ಮೇಲೆ ಧೂಮಕೇಶನೆಂಬ ಮಾಂತ್ರಿಕನ ಕಣ್ಣು ಬಿತ್ತು. ಅವನು ಮಂತ್ರ ಹಾಕಿ ರಾಣಿಯ ಮೂಳೆಮೂಳೆಯಲ್ಲೂ ಉರಿ ಹೊತ್ತಿಸಿದ. ರಾಣಿಗೆ ಕೂತರೂ ನೋವು, ಮಲಗಿದರೂ ನೋವು.

"ಸಿಂಹಾಸನ ಕೊಡು, ಉರಿ ಇಳಿಸುತ್ತೇನೆ" ಎಂದು ಮಾಂತ್ರಿಕ ಹೇಳಿ ಕಳಿಸಿದ.

ಅರಮನೆಯ ವೈದ್ಯೆ ನಾಗಲೆ ರಾಜಕುಮಾರಿಯನ್ನು ಕರೆದಳು. "ಅಮ್ಮಣ್ಣಿ, ಇದಕ್ಕೆ ಭಂಗಿ ಗಿಡದ ಹೂವೇ ಮದ್ದು. ಬಿಸಿ ಹೆಚ್ಚಾದರೆ ಅದು ಒಣಗುತ್ತದೆ, ತೇವ ಹೆಚ್ಚಾದರೆ ಕೊಳೆಯುತ್ತದೆ. ಹದ ತಪ್ಪಬಾರದು."

ಜಕ್ಕಲೆ ಕೋಟೆಯೊಳಗಿನ ತೋಟದಲ್ಲಿ ತಾನೇ ಬೀಜ ಬಿತ್ತಿದಳು. ಗಿಡಗಳು ಎದೆಯೆತ್ತರ ಬೆಳೆದು ಮೊಗ್ಗು ಹಿಡಿದವು.

ಸುದ್ದಿ ಮುಟ್ಟಿದ ಮಾಂತ್ರಿಕ ಬೆಂಕಿಯುಸಿರಿನ ಗೋಸುಂಬೆಯನ್ನು ಕಳಿಸಿದ. ಆನೆಗಾತ್ರದ ಗೋಸುಂಬೆ ಗೋಡೆಯೇರಿ ಉಸಿರು ಬಿಟ್ಟಿತು. ಎಲೆಗಳು ದೋಣಿಯಂತೆ ಮಡಚಿಕೊಂಡವು. ಜಕ್ಕಲೆ ಅಳಲಿಲ್ಲ, ಓಡಲಿಲ್ಲ. ಬೇರಿಗೆ ಹುಲ್ಲು ಹೊದಿಸಿ, ಲಾವಂಚದ ತಟ್ಟಿಗಳನ್ನು ನೆನೆಸಿ ಸುತ್ತಲೂ ಕಟ್ಟಿಸಿದಳು. ತಟ್ಟಿ ದಾಟಿದ ಬೆಂಕಿಯುಸಿರು ತಂಗಾಳಿಯಾಯಿತು.

ಮಾಂತ್ರಿಕ ಮಂಜು ಕಾರುವ ಕಪ್ಪೆಯನ್ನು ಕಳಿಸಿದ. ಗುಡ್ಡದಂಥ ಕಪ್ಪೆ ತೋಟದ ಬಾವಿಯಿಂದ ಎದ್ದು ಮಂಜು ಕಾರಿತು. ಮೊಗ್ಗುಗಳ ಮೇಲೆ ಹನಿ ಕೂತಿತು, ಒಂದೆರಡರಲ್ಲಿ ಬೂದು ಬೂಷ್ಟು ಕಂಡಿತು. ಜಕ್ಕಲೆ ಅಳಲಿಲ್ಲ, ಓಡಲಿಲ್ಲ. ಬೂಷ್ಟು ಹಿಡಿದ ಕೊಂಬೆ ಕಡಿದು ಸುಟ್ಟಳು, ಒದ್ದೆ ತಟ್ಟಿ ಬಿಚ್ಚಿಸಿದಳು, ಒತ್ತಾಗಿದ್ದ ಕೆಳಗಿನ ಎಲೆಗಳನ್ನು ಸವರಿ ತೆಗೆದಳು. ಆಮೇಲೆ ಗೋಡೆಯ ಮೇಲಿನ್ನೂ ಕೂತಿದ್ದ ಗೋಸುಂಬೆಯ ಮುಂದೆ ಹೋಗಿ ನಿಂತಳು.

"ಯಾಕೆ ಹೀಗೆ ಉರಿಯುತ್ತೀಯ?"

"ಮಾಂತ್ರಿಕ ನನ್ನ ಗಂಟಲಲ್ಲಿ ಕೆಂಡ ಇಟ್ಟಿದ್ದಾನೆ" ಎಂದಿತು ಗೋಸುಂಬೆ.

"ಹಾಗಾದರೆ ಆ ಕಪ್ಪೆಯ ಎದುರು ಬಾಯಿ ತೆರೆ. ನಿನಗೂ ತಂಪಾಗುತ್ತದೆ, ಅದಕ್ಕೂ ಬೆಚ್ಚಗಾಗುತ್ತದೆ."

ಎರಡೂ ಎದುರುಬದುರು ಉಸಿರಾಡಿದವು. ಮಂಜು ಆರಿತು, ಕೆಂಡ ನಂದಿತು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕವಾಗಿ ಎರಡೂ ಪೊದೆ ಸೇರಿದವು.

ಈಗ ಧೂಮಕೇಶ ತಾನೇ ಬಂದ. ಕೋಟೆಯ ಮೇಲೆ ಗಾಜಿನ ಗುಡಾಣವೊಂದನ್ನು ಬೋರಲು ಹಾಕಿ ತೋಟದ ನಡುವೆ ನಿಂತು ನಕ್ಕ. ಎಲೆ ಅಲುಗಲಿಲ್ಲ. ಸೆಕೆಯೂ ಏರಿತು, ಹಬೆಯೂ ಏರಿತು. ಈ ಸಲ ಜಕ್ಕಲೆ ಕುಸಿದು ಕೂತು ಅತ್ತಳು. ಕಣ್ಣೊರೆಸಿಕೊಂಡು ನೋಡಿದರೆ, ಹಬೆಯೆಲ್ಲ ಮೇಲೇರಿ ಗಾಜಿನ ನೆತ್ತಿಯಲ್ಲಿ ತಡೆದು ನಿಂತಿತ್ತು.

"ಅಪ್ಪಾಜಿ, ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ ಬೇಕು. ಬಿಸಿ ಮೇಲಿಂದ ಹೋದರೆ ತಂಪು ಕೆಳಗಿಂದ ತಾನಾಗಿ ಬರುತ್ತದೆ. ಗೋಡೆ ಒಡೆಸಿ."

"ಗೋಡೆ ಒಡೆದರೆ ಶತ್ರು ಒಳಗೆ ಬರುತ್ತಾನಲ್ಲ, ಮಗಳೇ?"

"ಶತ್ರು ಆಗಲೇ ಒಳಗಿದ್ದಾನೆ."

ದೊರೆ ತಾನೇ ಹಾರೆ ಹಿಡಿದ. ಗೋಡೆಯ ಬುಡದ ಕಲ್ಲುಗಳು ಉರುಳಿದವು, ಗಾಜಿನ ಅಂಚೂ ಸಿಡಿಯಿತು. ಜಕ್ಕಲೆ ಕವಣೆ ಬೀಸಿದಳು. ಗುಡಾಣದ ನೆತ್ತಿ ಚೂರಾಯಿತು.

ಬೆಟ್ಟದ ಗಾಳಿ ಕೆಳಗಿಂದ ನುಗ್ಗಿ, ಸುಯ್ಯೆಂದು ಮೇಲಿಂದ ಹೊರಟಿತು. ಮಾಂತ್ರಿಕನ ಮೈಯೆಲ್ಲ ಬರೀ ಹಬೆ, ಬರೀ ಹೊಗೆ. ಗಾಳಿ ಅವನ ಜಡೆ ಎಳೆಯಿತು, ತೋಳು ಎಳೆಯಿತು, ದೇಹವೇ ದಾರದಂತೆ ಹಿಂಜಿಹೋಗಿ ಆಕಾಶದಲ್ಲಿ ಚದುರಿತು. ಗಿಡಗಳೆಲ್ಲ ಒಟ್ಟಿಗೆ ತಲೆದೂಗಿದವು.

ಹೂ ಬಲಿಯಿತು. ನಾಗಲೆ ಅದನ್ನು ಅರೆದು ಹಾಲಿನಲ್ಲಿ ಕದಡಿ ಕುಡಿಸಿದಳು. ಉರಿ ಇಳಿದ ರಾಣಿ ಹೊಟ್ಟೆ ತುಂಬ ಉಂಡಳು, ಕಣ್ತುಂಬ ನಿದ್ದೆ ಮಾಡಿದಳು, ಬೆಳಿಗ್ಗೆ ಯಾರ ಆಸರೆಯೂ ಇಲ್ಲದೆ ನಡೆದು ಮಗಳನ್ನು ಅಪ್ಪಿಕೊಂಡಳು. ಮಣಿಗಿರಿಯ ಬೀದಿಬೀದಿಯಲ್ಲಿ ನಗಾರಿ ಮೊಳಗಿತು. ದೊರೆಯೂ ಪ್ರಜೆಯೂ ಒಂದೇ ಪಂಕ್ತಿಯಲ್ಲಿ ಹೋಳಿಗೆ ಉಂಡು, ನಗುನಗುತ್ತಾ ಬಹುಕಾಲ ಬಾಳಿದರು.