ಅಣ್ಣನ ಕಿವಿಗೆ ಕಾವಲು

"ಅಪ್ಪಾ, ಮೆಲ್ಲಗೆ! ಅಣ್ಣ ಮೇಲಿದ್ದಾನೆ!"

ಮರಿ ಮೆಟ್ಟಿಲಿಳಿದು ಓಡಿ ಬಂದಳು. ಕೈಜಾರಿ ಬಿದ್ದ ಸ್ಪ್ಯಾನರ್ ಠಣ್ ಎಂದಿತ್ತು. ಅಪ್ಪ ನಾಲಿಗೆ ಕಚ್ಚಿಕೊಂಡರು.

ಕೆಳಗೆ ಪಂಚರ್ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ದೊಡ್ಡ ಕಂಪ್ರೆಸರ್ ಇದ್ದರೂ ಅದಕ್ಕೆ ಗೋಣಿಚೀಲ ಹೊದಿಸಿಟ್ಟು, ಅಪ್ಪ ಕೈ ಪಂಪಿನಲ್ಲೇ ಗಾಳಿ ಹಾಕುತ್ತಿದ್ದರು. "ಇದು ಅಂಗಡೀನೋ, ಜಿಮ್ಮೋ?" ಎಂದು ಗಿರಾಕಿಗಳು ನಗಾಡುತ್ತಿದ್ದರು. ಲಾರಿಯವರಂತೂ ಇತ್ತ ತಲೆ ಹಾಕುವುದನ್ನೇ ಬಿಟ್ಟಿದ್ದರು.

ಕಳೆದ ವರ್ಷ ಗಾಳಿ ತುಂಬುವಾಗ ಲಾರಿಯ ಟೈರೊಂದು ಢಂ ಎಂದು ಒಡೆದಿತ್ತು. ಅಪ್ಪನ ಜೊತೆ ಅಂಗಡಿಯಲ್ಲಿ ಕೆಲಸ ಮಾಡುವ ಮಾವನ ಕೈ ಮುರಿಯಿತು. ಪಕ್ಕದಲ್ಲೇ ನಿಂತಿದ್ದ ಅಣ್ಣನಿಗೆ ಒಂದು ಗೀರೂ ಆಗಲಿಲ್ಲ. ಮಾವನ ಕೈಯೇನೋ ಕೂಡಿಕೊಂಡಿತು. ಆದರೆ ಹೈಸ್ಕೂಲಿನ ಅಣ್ಣ ಮತ್ತೆ ಅಂಗಡಿಗೆ ಇಳಿಯಲೇ ಇಲ್ಲ. ಸದ್ದಿಗೆ ಹೆದರಿ, ಬಸ್ಸು ಓಡಾಡುವ ರಸ್ತೆಗೆ ಹೋಗಲಾರದೆ ಸ್ಕೂಲನ್ನೂ ಬಿಟ್ಟ.

ಮೊದಲೆಲ್ಲ ಅವನು ತಂಗಿಯನ್ನು 'ಪಟಾಕಿ' ಎಂದೇ ಕರೆಯುತ್ತಿದ್ದ. ಅವಳ ಗಂಟಲೇ ಅಂಥದ್ದು! ಈಗ ಮನೆಯಲ್ಲಿ ಯಾರೂ ಆ ಹೆಸರೆತ್ತುವುದಿಲ್ಲ. ಅವಳು ಬರೀ ಮರಿ, ಅಣ್ಣನ ಕಿವಿಗೆ ಕಾವಲು. ದೂರದಲ್ಲಿ ಬಸ್ಸಿನ ಸದ್ದಾದರೆ ಸಾಕು, ಎಂಜಲು ಕೈಯಲ್ಲೇ ಓಡಿ ಹೋಗಿ ಅವನ ಕಿವಿ ಮುಚ್ಚುತ್ತಿದ್ದಳು.

ಹೀಗಿರುವಾಗ ಊರಿಗೆ ಕೌನ್ಸೆಲರ್ ಮೇಡಂ ಬಂದರು. ಹಿಂದಿನ ಗಲ್ಲಿಯ ಲೈಬ್ರರಿಯ ಕೋಣೆಯಲ್ಲಿ ಪ್ರತಿ ಶನಿವಾರ ಕೂತು, ಹೆದರಿದ ಮಕ್ಕಳ ಜೊತೆ ಮಾತಾಡುವುದು ಅವರ ಕೆಲಸ. ಅಮ್ಮ ಅಣ್ಣನನ್ನು ಅಲ್ಲಿಗೆ ಕರೆದೊಯ್ದಳು. ಆ ದಿನ ನಡೆದದ್ದನ್ನೆಲ್ಲ ಅಣ್ಣ ಸ್ವಲ್ಪ ಸ್ವಲ್ಪವಾಗಿ ಅವರಿಗೆ ಹೇಳಿದ. ಆಮೇಲೆ ಅವರು ಬೇರೆ ಅಂಗಡಿಯ ಕಂಪ್ರೆಸರ್ ಸದ್ದನ್ನು ಅಮ್ಮನ ಫೋನಿಗೆ ಹಾಕಿಕೊಟ್ಟು, ಅಮ್ಮನ ಪಕ್ಕ ಕೂತು ದಿನಾ ಕೇಳು ಎಂದರು.

ಅಣ್ಣ ಕೇಳಿದ. ಅವನ ಹಣೆಯೆಲ್ಲ ಬೆವರಿತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಮರಿಗೆ ಮೈಯೆಲ್ಲ ಉರಿಯಿತು. 'ಆ ಮೇಡಂಗೆ ಸ್ವಲ್ಪಾನೂ ಕರುಣೆ ಇಲ್ವಾ?' ಎಂದುಕೊಂಡಳು. ಅಮ್ಮ ಅಡುಗೆಮನೆಗೆ ಹೋದದ್ದೇ ತಡ, ಫೋನ್ ಎತ್ತಿಕೊಂಡು ಆ ಸದ್ದನ್ನು ಡಿಲೀಟ್ ಮಾಡಿಬಿಟ್ಟಳು.

ಮರುದಿನ ಅಣ್ಣ ಫೋನ್ ತಡಕಾಡಿದ.

"ನಾನೇ ಅಳಿಸಿದ್ದು. ನಿನಗೆ ಭಯ ಆಗ್ತಿತ್ತಲ್ಲ!"

ಅಣ್ಣನ ಕಣ್ಣಲ್ಲಿ ನೀರು ಬಂತು. "ಎಷ್ಟು ಕಷ್ಟಪಟ್ಟು ಕೇಳ್ತಿದ್ದೆ ಗೊತ್ತಾ ನಿಂಗೆ? ನಿನ್ನೆ ಕೊನೆವರೆಗೂ ಕೇಳಿದ್ದೆ ಕಣೇ!"

ಒಳ್ಳೆಯದು ಮಾಡಲು ಹೋಗಿ ಬೈಸಿಕೊಂಡಂತಾಯಿತು ಮರಿಗೆ. ಶನಿವಾರ ಅವಳೂ ಹಟ ಹಿಡಿದು ಲೈಬ್ರರಿಗೆ ಹೋಗಿ, ಮೇಡಂ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೀವ್ಯಾಕೆ ನಮ್ಮಣ್ಣನ್ನ ಹೆದರಿಸ್ತೀರಾ?"

ಮೇಡಂ ಸಿಟ್ಟಾಗಲಿಲ್ಲ. "ಬಸ್ ಬಂದಾಗ ನೀನು ಅವನ ಕಿವಿ ಮುಚ್ತೀಯಂತೆ. ಆಮೇಲೆ ಬಸ್ ಏನಾಗುತ್ತೆ?"

"ಏನಾಗುತ್ತೆ? ಹೋಗುತ್ತೆ."

"ಅದು ನಿನಗೆ ಗೊತ್ತು. ಅವನಿಗೆ ಗೊತ್ತಾಗುತ್ತಾ?"

ಮರಿ ಸೊಂಟದ ಮೇಲಿನ ಕೈಗಳನ್ನು ಇಳಿಸಿ ನೋಡಿಕೊಂಡಳು. ಅಣ್ಣ ಕೇಳಿದ್ದು ಸದ್ದು ಬರುವುದನ್ನು ಮಾತ್ರ. ಅದು ಹೋಗುವಾಗೆಲ್ಲ ಅವನ ಕಿವಿಯ ಮೇಲೆ ಇವಳ ಕೈ ಇರುತ್ತಿತ್ತಲ್ಲ!

"ಇನ್ನೊಂದು ರೆಕಾರ್ಡಿಂಗ್ ಕೊಡ್ಲಾ?" ಎಂದು ಮೇಡಂ ಅಣ್ಣನನ್ನು ಕೇಳಿದರು.

"ಬೇಡ. ನಮ್ಮ ಕಂಪ್ರೆಸರ್‌ದೇ ಕೇಳ್ತೀನಿ. ಮೆಟ್ಟಿಲ ಮೇಲೆ ಕೂತು. ನೀವೂ ಬರ್ತೀರಾ?" ಎಂದ ಅಣ್ಣ.

ಸಂಜೆ ಮೇಡಂ ಬಂದರು. ಅಣ್ಣ ನಡುಮೆಟ್ಟಿಲಲ್ಲಿ ಕೂತ. ಪೈಪಿಗೆ ಯಾವ ಟೈರನ್ನೂ ಸಿಕ್ಕಿಸಿಲ್ಲವೆಂದು ಮಾವ ಎತ್ತಿ ತೋರಿಸಿದ. ಅಪ್ಪ ಗೋಣಿಚೀಲ ಸರಿಸಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಹಾಗೇ ನಿಂತುಬಿಟ್ಟರು.

"ನನ್ನ ಕೈಲಾಗಲ್ಲ ಮೇಡಂ," ಎಂದರು. ಅಯ್ಯೋ, ಅಪ್ಪನಿಗೂ ಭಯವೇ!

"ಮರಿ ಹಾಕಲಿ," ಎಂದ ಅಣ್ಣ.

ಮರಿ ಸ್ವಿಚ್ ಒತ್ತಿ ಓಡಿ ಬಂದು ಅಣ್ಣನ ಪಕ್ಕ ಕೂತಳು. ಗಡಗಡಗಡ! ಮೆಟ್ಟಿಲೇ ನಡುಗಿತು. ಅಣ್ಣ ಗಟ್ಟಿಯಾಗಿ ಕಣ್ಣು ಮುಚ್ಚಿದ. ಮರಿಯ ಕೈಗಳು ತಾವಾಗಿಯೇ ಮೇಲೆದ್ದವು. ಅವುಗಳನ್ನು ಹಿಡಿದು, ತೊಡೆಯ ಕೆಳಗೆ ಅದುಮಿ, ಅವುಗಳ ಮೇಲೇ ಕೂತಳು.

ಸದ್ದು ಮುಗಿಯುವ ಹಾಗೇ ಕಾಣಲಿಲ್ಲ. ಅಣ್ಣನ ಉಸಿರು ಜೋರಾಯಿತು. ಆಮೇಲೆ ನಿಧಾನಕ್ಕೆ ಇಳಿಯಿತು. ಅವನು ಒಂದು ಕಣ್ಣು ತೆರೆದ, ಇನ್ನೊಂದನ್ನೂ ತೆರೆದ. ಟ್ಯಾಂಕು ತುಂಬಿ, ಉಸ್ಸೆಂದು ಗಾಳಿ ಬಿಟ್ಟು, ಕಂಪ್ರೆಸರ್ ತಾನಾಗಿಯೇ ನಿಂತಿತು.

"ನಿಂತೇ ಹೋಯ್ತು," ಎಂದ ಅಣ್ಣ. ಮುಖ ಒರೆಸಿಕೊಂಡು ತಂಗಿಯ ಕಡೆ ತಿರುಗಿದ. "ಏ ಪಟಾಕಿ, ಇನ್ನೊಂದ್ಸಲ ಹಾಕೇ."

"ಟ್ಯಾಂಕ್ ತುಂಬಿದೆಯಲ್ಲೋ! ಖಾಲಿ ಆಗ್ದೆ ಹೇಗೆ ಓಡುತ್ತೆ?" ಅಪ್ಪ ಅಳುತ್ತಲೇ ನಕ್ಕರು. ಸ್ವಿಚ್ ಆರಿಸಿ, ಟ್ಯಾಂಕಿನ ಗಾಳಿ ಬಿಟ್ಟು, ಕೈಯಿಂದ ಸನ್ನೆ ಮಾಡಿದರು.

ಅವಳು ಮತ್ತೆ ಸ್ವಿಚ್ ಒತ್ತಿ ಬಂದಳು. ಈ ಸಲ ಕೈಗಳ ಮೇಲೆ ಕೂರಲಿಲ್ಲ. ಅವು ಮಡಿಲಲ್ಲಿ ಸುಮ್ಮನಿದ್ದವು. ಸದ್ದು ಹೋಗುವವರೆಗೂ ಅಣ್ಣನ ಜೊತೆ ಅವಳೂ ಕೇಳುತ್ತ ಕುಳಿತಳು.