ಕದಲದ ಕಾಡಿಗೆ

ನಾನು ಅತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಪೇಟೆಯ ನಮ್ಮ ಬಳಗದಲ್ಲಿ ಇದನ್ನು ನಂಬುವವರು ಈಗ ಯಾರೂ ಉಳಿದಿಲ್ಲ.

ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ಮಧ್ಯಾಹ್ನ ಕರೆಂಟು ಇರಲಿಲ್ಲ. ಮೇ ತಿಂಗಳು. ಅಜ್ಜಿ ಸರಸ್ವತೀಬಾಯಿ ತಾನೇ ಹರಳೆಣ್ಣೆ ದೀಪದ ಮಸಿ ಹಿಡಿದು, ಕಣ್ಣಿಗೆ ತಂಪು ಎಂದು ಪಚ್ಚಕರ್ಪೂರವನ್ನು ಕೈತುಂಬ ಹಾಕಿ ಕಾಡಿಗೆ ಮಾಡಿದ್ದಳು. ಹಚ್ಚಿದಾಗ ತಂಪೇ. ಬೆವರಿನ ಜೊತೆ ಕಣ್ಣೊಳಗೆ ಇಳಿದಾಗ ಹಸಿಮೆಣಸಿನಕಾಯಿ.

"ಇಬ್ಬರೂ ಮಾತಾಡ್ಕೊಳ್ರಿ" ಎಂದು ಹಿರಿಯರು ನಮ್ಮನ್ನು ಹಿತ್ತಿಲ ಕಟ್ಟೆಗೆ ಕಳಿಸಿದರು. ಹುಡುಗನ ಹೆಸರು ಶ್ರೀಪತಿ. ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಇಂಜಿನಿಯರ್. ನಾಚಿಕೆಯಿಂದ ನನಗೆ ಕಂಡದ್ದು ಅವನ ಕೈ ಮಾತ್ರ. ವಾಚು ತುಸು ಜಾರಿತ್ತು. ಬಿಸಿಲಿಗೆ ಕಪ್ಪಾದ ಮುಂಗೈಯಲ್ಲಿ ಅದರ ಅಡಿಯಷ್ಟೇ ಬೆಳ್ಳಗೆ ಉಳಿದಿತ್ತು. ಯಾಕೋ, ಆ ಬಿಳಿ ಪಟ್ಟಿ ನನಗೆ ತುಂಬಾ ಇಷ್ಟವಾಯಿತು.

"ಪುಸ್ತಕ ಓದ್ತೀರೇನ್ರಿ?"

"ಹೂಂ."

"ನಮ್ಮ ಕ್ವಾರ್ಟರ್ಸ್ ನೋಡೀರೇನು?"

"ಊಹೂಂ."

"ಮಂಗ್ಯಾನ ಕಾಟ ಭಾಳ ಅಲ್ಲಿ. ಮೊನ್ನೆ ಒಂದು ಮಂಗ್ಯಾ ನನ್ನ ಎಕ್ಸಾಮ್ ಗೈಡ್ ಹರಿದು ತಿಂತು. ಈ ಸಲ ಅದು ಪಾಸಾಗ್ತದ, ನಾ ಅಲ್ಲ."

ನಗು ಬಂತು. ನಗಲೆಂದೇ ತಲೆ ಎತ್ತಿದೆ. ಅದೇ ಗಳಿಗೆಗೆ ಕಣ್ಣು ಧಗ್ಗೆಂದು ಉರಿದು ನೀರು ಸುರಿಯಿತು. ಕೆನ್ನೆಯ ಮೇಲೆಲ್ಲ ಕಪ್ಪು. ಅವನ ಮುಖದ ಬೆಳಕು ಆರಿತು. ಏನೂ ಕೇಳದೆ ಕರ್ಚೀಫು ಕೊಟ್ಟ. ಒರೆಸಿಕೊಂಡೆ, ಇನ್ನಷ್ಟು ಹರಡಿತು. ಕಾಡಿಗೆ ಉರೀತಿದೆ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಮರುದಿನ ಈ ಸಂಬಂಧ ತಂದಿದ್ದ ತಿರುಮಲ ಮಾಮಾನ ಫೋನು ಬಂತು. ಅಪ್ಪ ಸ್ಪೀಕರ್ ಹಾಕಿದರು.

"ಅವರು ಬ್ಯಾಡ ಅಂದ್ರಪಾ. ಹುಡುಗಿ ಅತ್ತಾಳಂತ. ಕರ್ಚೀಫಿನ ಮ್ಯಾಲಿನ ಕಪ್ಪು ನೋಡಿ ಅವನ ತಾಯಿ ಕೇಳಿದ್ರಂತ. ಮನಸ್ಸಿನ್ಯಾಗ ಬ್ಯಾರೆ ಯಾರೋ ಇರಬೇಕು, ಒತ್ತಾಯ ಬ್ಯಾಡ ಅಂದ್ರು."

ಅಪ್ಪ ನನ್ನ ಕಡೆ ತಿರುಗಿದರು. "ಯಾರಂವ?"

"ಯಾರೂ ಇಲ್ರಿ ಅಪ್ಪಾ. ಕಾಡಿಗಿ ಉರೀತು, ಅಷ್ಟ."

"ಕಾಡಿಗಿ ಹಚ್ಚಿಕೊಂಡವರೆಲ್ಲಾ ಅಳ್ತಾರೇನು?" ನನ್ನ ಮೊಬೈಲು ಅವರ ಜೇಬಿಗೆ ಹೋಯಿತು. "ಐತವಾರ ಕಂಪ್ಲಿಯವರು ನಿನ್ನ ನೋಡ್ಲಿಕ್ಕೆ ಬರ್ತಾರ. ಹೂಂ ಅನ್ನೂದಷ್ಟ ನಿನ್ನ ಕೆಲಸ."

ಅಪ್ಪನ ಮೇಲಿನ ಸಿಟ್ಟು ನನಗೆ ಹಳೆಯದು, ಅಭ್ಯಾಸವಾಗಿದೆ. ಶ್ರೀಪತಿಯ ಮೇಲಿನದು ಹೊಸದು, ಮೈಯೆಲ್ಲ ಸುಡುತ್ತಿತ್ತು. ಕಣ್ಣು ನನ್ನದು, ನೀರು ನನ್ನದು. ಅದಕ್ಕೆ ಅರ್ಥ ಹೇಳಲು ಇವನು ಯಾರು?

ಶುಕ್ರವಾರ ಲೈಬ್ರರಿಗೆ ಎಂದು ಹೇಳಿ ಹೊರಟವಳು ಹೋದದ್ದು ಗೆಳತಿ ಚಂದ್ರಕಲಾಳ ಪಾರ್ಲರಿಗೆ.

"ಐಲೈನರ್ ಹಚ್ಚು. ಬೆವರಿದ್ರೂ ಇಳೀಬಾರದು, ಅತ್ರೂ ಇಳೀಬಾರದು."

"ಯಾರನ್ನ ಬಡ್ಯಾಕ ಹೊಂಟಿಯಲೇ?" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನುಂಗಿದಳು. "ಕುಂದ್ರು. ಮೊದ್ಲ ನಿಮ್ಮಜ್ಜಿ ಕಾಡಿಗಿ ಎಣ್ಣಿ ತಗೀಬೇಕು. ಎಣ್ಣಿ ಮ್ಯಾಲೆ ಏನೂ ನಿಲ್ಲಂಗಿಲ್ಲ."

ರೆಪ್ಪೆಯ ಜಿಡ್ಡು ತೆಗೆದು ತುಸು ಪೌಡರ್ ಒತ್ತಿದಳು. ವಾಟರ್‌ಪ್ರೂಫ್ ಲೈನರಿನಿಂದ ಕೂದಲೆಳೆಯಂಥ ಗೆರೆ ಎಳೆದು, ಒಣಗುವವರೆಗೆ ಕಣ್ಣು ತೆರೆಯಲು ಬಿಡಲಿಲ್ಲ. ಅದರ ಮೇಲೆ ಇನ್ನೊಂದು ಗೆರೆ, ಅದರ ಮೇಲೆ ಕಪ್ಪು ಐಶ್ಯಾಡೋ. ಕೆಳರೆಪ್ಪೆಗೆ ಏನೂ ಇಲ್ಲ, ಹರಡುವುದು ಅಲ್ಲಿಂದಲೇ ಅಂತೆ.

"ನೀರು ಬಂದ್ರ ಒರಸಬ್ಯಾಡ. ತಾನ ಒಣಗ್ಲಿ ಬಿಡು. ಒರಸಿದ್ರ ಎಂಥಾದ್ದೂ ಹರಡತೈತಿ."

ಡ್ಯಾಮಿನ ಬಸ್ಸಿನ ಕಿಟಕಿಗೆ ಅದಿರು ಲಾರಿಗಳ ಧೂಳು ನುಗ್ಗಿತು. ಇಳಿದು, ನಿಂತಿದ್ದ ಲಾರಿಯ ಕನ್ನಡಿಯಲ್ಲಿ ನೋಡಿಕೊಂಡೆ. ಮುಖವೆಲ್ಲ ಸಂಡೂರು ಗಣಿಯ ಕೆಂಪು ಧೂಳು. ಗೆರೆ ಮಾತ್ರ ಇದ್ದಲ್ಲೇ ಇತ್ತು.

ಕಚೇರಿಯಲ್ಲಿ ಕೇಳಿಕೊಂಡು ಹೋದೆ. ಶ್ರೀಪತಿ ನೀರಿಲ್ಲದ ಕಾಲುವೆಯ ಏರಿಯ ಮೇಲೆ ಒಬ್ಬನೇ ನಿಂತು ರಿಪೇರಿ ನೋಡುತ್ತಿದ್ದ.

"ಹರಿಪ್ರಿಯಾ! ನೀವು, ಇಲ್ಲಿ?"

"ನೋಡ್ರಿ." ಮುಖ ಮುಂದೆ ಮಾಡಿದೆ. "ಸರಿಯಾಗಿ ನೋಡ್ರಿ. ಕಪ್ಪು ಇಳದದೇನು?"

"ಇಲ್ಲ."

"ಅಂದ್ರ ಇವತ್ತು ನನ್ನ ಮನಸ್ಸಿನ್ಯಾಗ ಯಾರೂ ಇಲ್ಲ. ಹೌದಲ್ರಿ?"

ಅವನು ತಡವರಿಸಿದ. "ಆ ಮಾತು ನಾ ಅಂದಿದ್ದಲ್ಲ, ನಮ್ಮಮ್ಮ ಅಂದಿದ್ದು. ನೀವು ಅಳ್ಲಿಕತ್ತಿದ್ರಿ. ಮನಿಯವರು ಒತ್ತಾಯ ಮಾಡ್ಯಾರ ಅಂತ ತಿಳದು…"

"ನನ್ನ ಕೇಳಿದ್ರೇನು?"

"ನೀವು ಹೇಳಿದ್ರೇನು?" ಅವನ ದನಿಯೂ ಏರಿತು. "ಒಂದು ಹೂಂ, ಒಂದು ಊಹೂಂ. ಮಂಗ್ಯಾನೂ ಅದಕ್ಕಿಂತ ಹೆಚ್ಚು ಮಾತಾಡ್ತದ!"

"ಪಚ್ಚಕರ್ಪೂರ!" ಎಂದು ಕೂಗಿದೆ. ಹುಟ್ಟಿದಾಗಿನಿಂದ ನಾನು ಅಷ್ಟು ಜೋರಾಗಿ ಕೂಗಿದವಳಲ್ಲ. ಖಾಲಿ ಕಾಲುವೆಯಲ್ಲಿ ಆ ಕೂಗು ಮಾರ್ದನಿಸಿತು. "ಅಜ್ಜಿ ಕಾಡಿಗಿಗೆ ಪಚ್ಚಕರ್ಪೂರ ಹಾಕಿದ್ದಳು, ಕಣ್ಣು ಉರೀತು. ನಾ ತಲಿ ಎತ್ತಿದ್ದು ನಿಮ್ಮ ಮಂಗ್ಯಾನ ಮಾತಿಗೆ ನಗಲಿಕ್ಕೆ. ನಗಲಿಕ್ಕೆ!"

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನಾಡದು ಕಂಪ್ಲಿಯವರು ಬರ್ತಾರ. ಅವರಿಗೆ ಹೂಂ ಅನ್ಬೇಕು ನಾನು. ನಿಮ್ಮ ದೊಡ್ಡ ಮನಸ್ಸಿನ ಉಪಕಾರ ಇದು. ನನಗ… ನನಗ ಒಪ್ಪಿಗಿ ಇತ್ತು."

ಆಗ ಅವನು ನೋಡಿದ. ಗೆರೆಯನ್ನಲ್ಲ, ಅದರೊಳಗಿನ ಕಣ್ಣನ್ನು. ಅಂದು ಹಿತ್ತಿಲಲ್ಲಿ ನೋಡಬೇಕಿದ್ದಷ್ಟು ಹೊತ್ತು, ರೆಪ್ಪೆ ಬಡಿಯದೆ ನೋಡಿದ. ನನಗೆ ಅಳು ಬಂತು. ಈ ಸಲ ನಿಜವಾದದ್ದು.

"ಈಗ ಕೇಳ್ತೀನ್ರಿ," ಎಂದ ಮೆಲ್ಲಗೆ. "ಇದು ಕರ್ಪೂರನೋ, ಅಳುವೋ?"

"ಅಳು. ಸಿಟ್ಟಿನದು."

"ನನ್ನ ಮ್ಯಾಲೆ?"

"ಮತ್ತ್ಯಾರ ಮ್ಯಾಲೆ?"

"ಒಪ್ಪಿಗಿ ಇತ್ತು ಅಂದ್ರಿ. ಇನ್ನೂ ಅದ ಏನ್ರಿ?"

"ಸಂಜಿಗೆ ನಿಮ್ಮ ತಾಯೀನ್ನ ಕರಕೊಂಡು ನಮ್ಮನಿಗೆ ಬರ್ರಿ. ತಪ್ಪು ತಿಳ್ಕೊಂಡ್ವಿ ಅಂತ ಅಪ್ಪನ ಮುಂದ ಹೇಳ್ರಿ. ಆಮ್ಯಾಲೆ ಎಲ್ಲಾರ ಎದುರಿಗೇ ನನ್ನ ಕೇಳ್ರಿ."

"ಕೇಳಿದ್ರ ಹೂಂ ಅಂತೀರೇನು?"

"ಹೂಂ ಅನ್ನಂಗಿಲ್ಲ. ಪೂರಾ ಮಾತಿನ್ಯಾಗ ಹೇಳ್ತೀನಿ."

ಅವನ ತುಟಿಯಂಚು ನಡುಗಿ ನಗುವಾಯಿತು. ಜೇಬಿನಿಂದ ಕರ್ಚೀಫು ತೆಗೆದ. ಅದೇ ಕರ್ಚೀಫು. ಒಗೆದರೂ ಹೋಗದ ಅಜ್ಜಿಯ ಕಾಡಿಗೆ ಇನ್ನೂ ಅದರಲ್ಲಿತ್ತು.

"ಬ್ಯಾಡ್ರಿ. ಒರಸಿದ್ರ ಹರಡತದ. ತಾನ ಒಣಗ್ಲಿ."

"ಅಲ್ಲಿತನಕ ನಾ ಏನ್ ಮಾಡ್ಲಿ?"

"ಬಿಸಿಲಿಗೆ ಅಡ್ಡ ನಿಂತ್ಕೊಳ್ರಿ."

ನಿಂತ. ಅವನ ನೆರಳು ನನ್ನ ಮುಖವನ್ನೆಲ್ಲ ಮುಚ್ಚಿತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಕಣ್ಣಿನ ಕಪ್ಪೂ ಇಳಿದಿರಲಿಲ್ಲ. ಅವನೂ ಅಲ್ಲಿಂದ ಕದಲಲಿಲ್ಲ.